ಈ ಕೂಸಿಗೆ ಕುಲಾವಿ ಮೊದಲೇ ಹೊಲಿಸಬೇಕು

ಮಾನ್ಯರೆ,

ಹೋದ ತಿಂಗಳು ಒಂದಿನ ರಾತ್ರಿ ಹನ್ನೊಂದರ ಹೊತ್ತಿಗೆ ನನ್ನ ಅಕ್ಕನ ಮಗ ಫೋನ್ ಮಾಡಿದ. "ಮಾಮಾ, ಪ್ಲಗ್ ಕರಗೈತ್ರಿ. ಸುಟ್ಟ ವಾಸನಿ ಬರಾಕತ್ತೈತಿ. ಏನ್ ಮಾಡ್ಲಿ?" ಮೊದಲು ಮೇನ್ ಇಳಿಸು, ಏನನ್ನೂ ಮುಟ್ಟಬೇಡ ಅಂತ ಹೇಳಿ ಟೆಸ್ಟರು, ಕಟಿಂಗ್ ಪ್ಲೇಯರ್ ಚೀಲಕ್ಕೆ ಹಾಕಿಕೊಂಡು ಬೈಕ್ ಹತ್ತಿದೆ. ನಾನು ವಿಜಯಪುರದಲ್ಲಿ ಮೋಟಾರ್ ವೈಂಡಿಂಗ್ ಮಾಡುವವನು. ಸುಟ್ಟ ಬೋರ್‌ವೆಲ್ ಮೋಟಾರ್ ಬಿಚ್ಚುವುದು, ತಾಮ್ರದ ತಂತಿ ಸುತ್ತುವುದು, ಮತ್ತೆ ಬಾವಿಗೆ ಇಳಿಸಲು ಕಳಿಸುವುದು. ಸುಟ್ಟ ವಾಸನೆ ನನಗೆ ಹೊಸದಲ್ಲ.

ಅವನು ಎಲೆಕ್ಟ್ರಿಕ್ ಆಟೋ ತಗೊಂಡು ವರ್ಷದ ಮೇಲಾಯಿತು. ಮನೆ ಬಾಡಿಗೆಯದು, ಅದೂ ಮೇಲಿನ ಮಹಡಿ. ಗಾಡಿ ಕೆಳಗೆ ಓಣಿಯಲ್ಲಿ ನಿಲ್ಲುತ್ತದೆ. ಕಿಟಕಿಯಿಂದ ಒಂದು ವೈರ್ ಇಳಿಬಿಟ್ಟು, ಅದರ ತುದಿಗೆ ಮೊಬೈಲ್ ಚಾರ್ಜ್ ಮಾಡುವಂಥ ಎಕ್ಸ್‌ಟೆನ್ಶನ್ ಬೋರ್ಡ್ ಕಟ್ಟಿ, ಅದಕ್ಕೆ ಆಟೋದ ಚಾರ್ಜರ್ ಚುಚ್ಚಿದ್ದ. ಆ ಚಾರ್ಜರ್ ಹತ್ತು-ಹನ್ನೆರಡು ಆಂಪ್ ಎಳೆಯುತ್ತದೆ, ಅದೂ ಒಂದೆರಡು ನಿಮಿಷ ಅಲ್ಲ, ಸತತ ಮೂರ್ನಾಲ್ಕು ತಾಸು. ಬೋರ್ಡ್ ಇರುವುದು 6 ಆಂಪಿನದು. ಬಿಳಿ ಪ್ಲಾಸ್ಟಿಕ್ ಸೀದ ಹೋಳಿಗೆ ಬಣ್ಣಕ್ಕೆ ತಿರುಗಿತ್ತು, ಪಿನ್ನು ಒಳಗೇ ಅಂಟಿಕೊಂಡು ಎಳೆದರೂ ಬರಲಿಲ್ಲ. ಸ್ಕ್ರೂಡ್ರೈವರ್ ಹಾಕಿ ಕಿತ್ತರೆ ಅರ್ಧ ಸಾಕೆಟ್ ಅದರ ಜೊತೆಗೇ ಬಂತು. ಇನ್ನೊಂದು ತಾಸು ಬಿಟ್ಟಿದ್ದರೆ ಕೆಳಗಿನ ಮನೆಯವರ ಕಟ್ಟಿಗೆ ರಾಶಿಗೆ ಬೆಂಕಿ ಹತ್ತುತ್ತಿತ್ತೋ ಏನೋ.

ಇದನ್ನು ಪತ್ರಿಕೆಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈಗ ಚಹಾದಂಗಡಿಗೆ ಹೋದರೂ ಇದೇ ಮಾತು. ಎಲೆಕ್ಟ್ರಿಕ್ ಬಸ್ಸು ಬರುತ್ತವಂತೆ, ಕಸದ ಗಾಡಿನೂ ಎಲೆಕ್ಟ್ರಿಕ್ ಆಗುತ್ತವಂತೆ, ಅಲ್ಲಲ್ಲಿ ಚಾರ್ಜಿಂಗ್ ಸ್ಟೇಷನ್ ಇಡುತ್ತಾರಂತೆ. ಬರಲಿ, ನನಗೆ ಖುಷಿನೇ. ಆದರೆ ಗಾಡಿ ಬರುವ ದಿನ ಬಲೂನು ಕಟ್ಟಿ, ತೆಂಗಿನಕಾಯಿ ಒಡೆದು, ಹಸಿರು ಬಾವುಟ ತೋರಿಸಿ, ಅವತ್ತು ರಾತ್ರಿ ಗಾಡಿ ಎಲ್ಲಿ ನಿಲ್ಲಬೇಕು, ಎಲ್ಲಿ ಚುಚ್ಚಬೇಕು ಅಂತ ಡ್ರೈವರ್ ಫೋನ್ ಮಾಡುವ ಹಾಗಾಗಬಾರದು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದರು ಅಂತ ನಾವು ನಗುತ್ತೇವೆ. ಈ ಒಂದು ಕೂಸಿಗೆ ಮಾತ್ರ ಕುಲಾವಿ ಮೊದಲೇ ಬೇಕು ಸ್ವಾಮಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಎಲೆಕ್ಟ್ರಿಕ್ ಗಾಡಿಗೆ ವಿರೋಧಿ ಅಲ್ಲ. ಜೀವನವೆಲ್ಲ ಮೋಟಾರಿನ ಜೊತೆ ಕಳೆದವನು ನಾನು, ಡೀಸೆಲ್ ಎಂಜಿನ್ ಪರ ವಕಾಲತ್ತು ಮಾಡುವುದು ಹೇಗೆ? ಎಂಜಿನ್ನಿಗೆ ಹಾಕಿದ ಡೀಸೆಲ್ಲಿನ ಶಕ್ತಿಯಲ್ಲಿ ಮೂರನೇ ಒಂದು ಪಾಲು ಚಕ್ರಕ್ಕೆ ಸಿಕ್ಕರೆ ದೊಡ್ಡದು, ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಒಳ್ಳೆ ಮೋಟಾರು ನೂರಕ್ಕೆ ಎಂಬತ್ತೈದು, ತೊಂಬತ್ತು ಪಾಲು ಕೆಲಸಕ್ಕೆ ಕೊಡುತ್ತದೆ. ಅಳಿಯನ ಲೆಕ್ಕ ನಾನೇ ಬರೆದು ನೋಡಿದ್ದೇನೆ. ಅವನ ಬ್ಯಾಟರಿ ಏಳೂವರೆ ಯೂನಿಟ್ ಹತ್ತಿರದ್ದು. ಚಾರ್ಜರಿನಲ್ಲಿ ಹೋಗುವುದೆಲ್ಲ ಸೇರಿಸಿ ದಿನಕ್ಕೆ 9 ಯೂನಿಟ್ ಅಂತ ಹಿಡಿಯಿರಿ, ಯೂನಿಟ್ಟಿಗೆ 7 ರೂಪಾಯಿ ಅಂದರೂ 63 ರೂಪಾಯಿ. ಅದರಲ್ಲಿ 80 ಕಿಲೋಮೀಟರ್ ಆರಾಮಾಗಿ ಓಡಿಸುತ್ತಾನೆ. ಪೆಟ್ರೋಲ್ ಆಟೋ ಆಗಿದ್ದರೆ ಮೂರೂವರೆ, ನಾಲ್ಕು ಲೀಟರ್ ಬೇಕಿತ್ತು, ಮುನ್ನೂರೈವತ್ತಕ್ಕೆ ಕಮ್ಮಿ ಆಗುತ್ತಿರಲಿಲ್ಲ. ಆಯಿಲ್ ಬದಲಿಸುವುದಿಲ್ಲ, ಕ್ಲಚ್ ಪ್ಲೇಟ್ ಇಲ್ಲ. ಗಾಂಧಿ ಚೌಕದಲ್ಲಿ ಸಿಗ್ನಲ್ಲಿಗೆ ನಿಂತಾಗ ಸುಮ್ನೆ ಎಣ್ಣೆ ಕುಡಿಯುವುದಿಲ್ಲ.

ತೊಂದರೆ ಇರುವುದು ಗಾಡಿಯಲ್ಲಲ್ಲ, ಗೋಡೆಯಲ್ಲಿ.

ಆ ಗೋಡೆಯ ಕಥೆ ಇನ್ನೂ ಇದೆ. ದಿನಕ್ಕೆ 9 ಯೂನಿಟ್ ಅಂದರೆ ತಿಂಗಳಿಗೆ ರಜೆ ಕಳೆದು 230 ಯೂನಿಟ್ ಮೇಲೆ. ಗೃಹಜ್ಯೋತಿಯಲ್ಲಿ ಪುಕ್ಕಟೆ ಸಿಗುವುದು ಹೆಚ್ಚೆಂದರೆ 200 ಯೂನಿಟ್, ಅದನ್ನು ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಅಂದರೆ ಅಳಿಯ ಆಟೋ ಚಾರ್ಜ್ ಮಾಡಿದ ತಿಂಗಳು ಮನೆಯ ಫ್ಯಾನು, ದೀಪ, ಮಿಕ್ಸರ್ ಎಲ್ಲದಕ್ಕೂ ದುಡ್ಡು. ಮೇಲಾಗಿ ಮಾಲೀಕರ ಜೊತೆ ದಿನಾ ಕಿರಿಕಿರಿ. ಅವರ ಮಾತಲ್ಲೂ ತಪ್ಪಿಲ್ಲ, ಅವರ ಮನೆಯ ವೈರಿಂಗು ಹಳೇದು. ಬ್ಯಾಂಕಿನಲ್ಲಿ ಸಾಲ ಮಾಡಿ, ಹಸಿರು ನಂಬರ್ ಪ್ಲೇಟ್ ಹಾಕಿಕೊಂಡು ಊರಿಗೆ ಹೊಗೆಯಿಲ್ಲದ ಗಾಡಿ ತಂದ ಹುಡುಗ ರಾತ್ರಿ ಕಳ್ಳನ ಹಾಗೆ ಕಿಟಕಿಯಿಂದ ವೈರ್ ಇಳಿಬಿಡಬೇಕು. ಇಂಥವರು ಊರಲ್ಲಿ ಅವನೊಬ್ಬನೇ ಅಲ್ಲ.

ಹೊರಗೆ ಚಾರ್ಜಿಂಗ್ ಸ್ಟೇಷನ್ ಇಲ್ವಾ ಅಂತ ಕೇಳಬಹುದು. ಪ್ಲಗ್ ಸುಟ್ಟ ಮಾರನೇ ದಿನ ಹುಡುಕಿಕೊಂಡು ಹೋದೆವು. ಯಾರದು, ಎಲ್ಲಿಯದು ಅಂತ ಹೇಳುವುದಿಲ್ಲ, ನನಗೆ ಜಗಳ ಬೇಕಿಲ್ಲ. ಬೋರ್ಡ್ ಚೆನ್ನಾಗಿತ್ತು, ಹಸಿರು ಬಣ್ಣ, ಮಿಂಚಿನ ಗುರುತು. ಮುಂದೆ ಒಂದು ಡೀಸೆಲ್ ಕಾರು ನೆರಳಿಗೆ ನಿಂತಿತ್ತು. ಅವರನ್ನು ಕೈಮುಗಿದು ಎಬ್ಬಿಸಿ ಸರಿಸಿದೆವು. ಆಮೇಲೆ ಆ್ಯಪ್ ಇಳಿಸಿಕೊಳ್ಳಬೇಕು. ಇಳಿಸಿಕೊಂಡೆವು. ಮೊದಲು ವಾಲೆಟ್ಟಿಗೆ ದುಡ್ಡು ಹಾಕಿ ಅಂತು. ಹಾಕಿದೆವು. ಓಟಿಪಿ ಬರಲಿಲ್ಲ. ಹತ್ತು ನಿಮಿಷ ಬಿಟ್ಟು ಬಂತು. ಕೊನೆಗೆ ಗನ್ ತೆಗೆದು ನೋಡಿದರೆ ಅದು ಕಾರಿಗೆ ಹಾಕುವ ದಪ್ಪ ಗನ್ನು, ಸಿಸಿಎಸ್-2 ಅನ್ನುತ್ತಾರಲ್ಲ ಅದು. ಆಟೋದ ಬಾಯಿಗೆ ಹೊಂದುವುದೇ ಇಲ್ಲ! ಅಳಿಯನಿಗೆ ಬೇಕಿದ್ದದ್ದು ಒಂದು 15 ಆಂಪ್ ಪವರ್ ಪ್ಲಗ್. ನಮ್ಮ ಅಂಗಡಿಯಲ್ಲಿ ಗ್ರೈಂಡಿಂಗ್ ಮಷೀನಿಗೆ ಇರುವಂಥದ್ದು. ಲಕ್ಷಗಟ್ಟಲೆಯ ಯಂತ್ರದ ಮುಂದೆ ನಿಂತು ಇನ್ನೂರು-ಮುನ್ನೂರು ರೂಪಾಯಿಯ ಸಾಕೆಟ್ಟಿಗೆ ಹಂಬಲಿಸಿದೆವು. ವಾಲೆಟ್ಟಿನ ದುಡ್ಡು ಇನ್ನೂ ಅಲ್ಲೇ ಇದೆ.

ಪಾಲಿಕೆಯವರಿಗೆ ನಾನು ಹೇಳಬೇಕು ಅಂದುಕೊಂಡದ್ದು ಇಲ್ಲಿಂದ ಶುರುವಾಗುತ್ತದೆ. ಚಾರ್ಜಿಂಗ್ ಸ್ಟೇಷನ್ ಅಂದರೆ ಗೋಲಗುಮ್ಮಟದ ಮುಂದೆ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಡಬ್ಬಿ ಅಲ್ಲ. ಅದೂ ಇರಲಿ, ಕಾರಿನಲ್ಲಿ ಬರುವವರಿಗೆ ಬೇಕು. ನಗರದಲ್ಲಿ 3 ಕಿಲೋಮೀಟರ್ ಉದ್ದಗಲದ ಪ್ರತಿ ಚೌಕಕ್ಕೆ ಒಂದು, ಹೆದ್ದಾರಿಯಲ್ಲಿ 25 ಕಿಲೋಮೀಟರಿಗೆ ಒಂದು ಅಂತ ಕೇಂದ್ರದ ಇಂಧನ ಇಲಾಖೆ 2022ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ಆದರೆ ಊರಿನ ಸ್ವಂತ ಗಾಡಿಗಳಿಗೆ ಬೇಕಾದದ್ದು ರಸ್ತೆ ಬದಿಯ ಚಾರ್ಜರ್ ಅಲ್ಲವೇ ಅಲ್ಲ. ಅವು ರಾತ್ರಿ ಎಲ್ಲಿ ಮಲಗುತ್ತವೋ ಅಲ್ಲಿ ಬೇಕು.

ನನ್ನ ಕೇಳಿದರೆ ಮೊದಲು ಕಸದ ಗಾಡಿಯಿಂದ ಶುರು ಮಾಡಿ. ಬಸ್ಸಿನಷ್ಟು ಶೋಭೆ ಇಲ್ಲ, ಯಾರೂ ಹಾರ ಹಾಕುವುದಿಲ್ಲ, ನಿಜ. ಆದರೆ ಎಲೆಕ್ಟ್ರಿಕ್ಕಿಗೆ ಇದಕ್ಕಿಂತ ಹೇಳಿ ಮಾಡಿಸಿದ ಕೆಲಸ ಇನ್ನೊಂದಿಲ್ಲ. ಬೆಳಿಗ್ಗೆ ನಮ್ಮ ಓಣಿಗೆ ಬರುವ ಗಾಡಿಯನ್ನೇ ನೋಡಿ. ಹತ್ತು ಹೆಜ್ಜೆ ಹೋಗುತ್ತದೆ, ನಿಲ್ಲುತ್ತದೆ, ಹಾಡು ಹಾಕುತ್ತದೆ. ಒಬ್ಬರು ಬಕೆಟ್ ತಂದು ಸುರಿಯುತ್ತಾರೆ, ಇನ್ನೊಬ್ಬರು "ತಡೀರಿ ತಡೀರಿ" ಅಂತ ಒಳಗಿನಿಂದ ಕೂಗುತ್ತಾರೆ, ಅಜ್ಜಿ ಒಬ್ಬರು ಹಸಿ ಕಸ ಒಣ ಕಸ ಒಂದೇ ಚೀಲದಲ್ಲಿ ತಂದು ಬೈಸಿಕೊಳ್ಳುತ್ತಾರೆ. ಅಷ್ಟೂ ಹೊತ್ತು ಡೀಸೆಲ್ ಎಂಜಿನ್ ಗುರ್ರ್ ಅನ್ನುತ್ತಾ ನಿಂತಿರುತ್ತದೆ. ಹೊಗೆ ಸೀದಾ ಹಿಂದೆ ನಿಂತ ಪೌರಕಾರ್ಮಿಕರ ಮುಖಕ್ಕೆ. ಹೀಗೆ ನೂರಾರು ಮನೆ. ಎಲೆಕ್ಟ್ರಿಕ್ ಗಾಡಿ ನಿಂತಾಗ ನಿಂತಿತು ಅಷ್ಟೇ, ಏನೂ ತಿನ್ನುವುದಿಲ್ಲ. ಬ್ರೇಕ್ ಒತ್ತಿದಾಗ ಮೋಟಾರೇ ಜನರೇಟರ್ ಆಗಿ ಸ್ವಲ್ಪ ಕರೆಂಟು ಬ್ಯಾಟರಿಗೆ ವಾಪಸ್ ಕೊಡುತ್ತದೆ. ಗೇರಿಲ್ಲ, ಕ್ಲಚ್ಚಿಲ್ಲ, ಪೌರಕಾರ್ಮಿಕ ಹೆಣ್ಣುಮಕ್ಕಳು ಬೇಗ ಕಲಿತು ತಾವೇ ಓಡಿಸಬಹುದು. ಹಾಡು ಮಾತ್ರ ತಪ್ಪುವುದಿಲ್ಲ, ಅದಕ್ಕೆ ಯಾವ ಪಾಲಿಸಿಯೂ ಬಂದಿಲ್ಲ.

ದಿನಕ್ಕೆ ಎಷ್ಟು ಓಡುತ್ತದೆ ಅಂತನೂ ಮೊದಲೇ ಗೊತ್ತು. ವಾರ್ಡು, ಆಮೇಲೆ ಕಸ ಹಾಕುವ ಜಾಗ, ಮತ್ತೆ ವಾಪಸ್. 50-60 ಕಿಲೋಮೀಟರ್ ಅಂತ ಹಿಡಿಯಿರಿ. ಟಾಟಾ ಏಸ್ ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿ 21.3 ಯೂನಿಟ್ಟಿನದು, ಕಂಪನಿ ಹೇಳುವ ಓಟ 154 ಕಿಲೋಮೀಟರ್. ಕಂಪನಿ ಮಾತು ಕಂಪನಿಗೇ ಇರಲಿ, ನಮ್ಮ ರಸ್ತೆಯ ಗುಂಡಿ, ಕಸದ ಭಾರ, ಮೇ ತಿಂಗಳ ಬಿಸಿಲು ಎಲ್ಲ ಕಳೆದು ಅರ್ಧ ಸಿಕ್ಕರೂ ಒಂದು ದಿನಕ್ಕೆ ಧಾರಾಳ. ಹಸಿರು ಗಾಡಿ ಹೊಸ ವಿಚಾರವೂ ಅಲ್ಲ ನಮಗೆ. ರೇವಾ ಕಾರು ಬೆಂಗಳೂರಿನಲ್ಲಿ ರಸ್ತೆಗಿಳಿದದ್ದು 2001ರಲ್ಲಿ, ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯವೂ ನಮ್ಮದೇ, 2017ರಲ್ಲಿ.

ಇನ್ನೊಂದು ಅನುಕೂಲ ಇದೆ, ಇದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ. ಕಸದ ಗಾಡಿಯ ಕೆಲಸ ಬೆಳಿಗ್ಗೆ ಆರಕ್ಕೆ ಶುರುವಾಗಿ ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ಅಂದರೆ ಸೂರ್ಯ ನೆತ್ತಿ ಮೇಲೆ ಇರುವಾಗ ಗಾಡಿ ಖಾಲಿ ನಿಂತಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಏನು ಕಮ್ಮಿ ಇದ್ದರೂ ಬಿಸಿಲು ಕಮ್ಮಿ ಇಲ್ಲ, ಅಲ್ವಾ? ಗಾಡಿ ನಿಲ್ಲಿಸುವ ಶೆಡ್ಡಿನ ಮೇಲೆ ತಗಡಿನ ಬದಲು ಸೋಲಾರ್ ಹಾಕಿ. ಕೆಳಗೆ ನೆರಳು, ಮೇಲೆ ಕರೆಂಟು.

ನೆರಳು ಅಂದದ್ದು ಸುಮ್ನೆ ಅಲ್ಲ. ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಬಿಸಿಲಿಗೆ ನಿಂತ ಗಾಡಿಯ ತಗಡು ಮುಟ್ಟಿದರೆ ಬೊಬ್ಬೆ ಏಳುತ್ತದೆ. ಓಡಿ ಬಂದ ಬ್ಯಾಟರಿ ತಾನೇ ಬಿಸಿ ಇರುತ್ತದೆ, ಅದನ್ನು ಬಿಸಿಲಲ್ಲೇ ನಿಲ್ಲಿಸಿ ಕೂಡಲೇ ಚಾರ್ಜಿಗೆ ಹಾಕಿದರೆ ಬ್ಯಾಟರಿ ಆಯಸ್ಸು ನೀವೇ ಕಮ್ಮಿ ಮಾಡಿದ ಹಾಗೆ. ಒಂದು ತಾಸು ನೆರಳಲ್ಲಿ ಬಿಡಿ, ಡ್ರೈವರ್ ಊಟ ಮಾಡಿ ಬರಲಿ, ಆಮೇಲೆ ಚುಚ್ಚಿ. ದನ ಹೊಲದಿಂದ ಬಂದ ಕೂಡಲೇ ತೊಟ್ಟಿಗೆ ಬಿಡುತ್ತೇವಾ? ಹಾಗೇ ಇದು. ಬ್ಯಾಟರಿಯಲ್ಲೂ ಜಾತಿ ಇವೆ. ಎಲ್‌ಎಫ್‌ಪಿ ಅನ್ನುವ ಲಿಥಿಯಂ-ಐರನ್-ಫಾಸ್ಫೇಟ್ ಬ್ಯಾಟರಿ ತೂಕ ಸ್ವಲ್ಪ ಜಾಸ್ತಿ, ಆದರೆ ಬಿಸಿಗೆ ಉಳಿದ ಸಾಮಾನ್ಯ ಲಿಥಿಯಂ ಬ್ಯಾಟರಿಗಿಂತ ಗಟ್ಟಿ, ಬೆಂಕಿಯ ಭಯವೂ ಕಮ್ಮಿ, ಬಾಳಿಕೆಯೂ ಹೆಚ್ಚು. 2022ರ ಬೇಸಿಗೆಯಲ್ಲಿ ದೇಶದ ಅಲ್ಲಲ್ಲಿ ಸ್ಕೂಟರ್ ಹತ್ತಿ ಉರಿದದ್ದು ನೆನಪಿರಬಹುದು. ಅದಾದ ಮೇಲೆ ಸರಕಾರ ಬ್ಯಾಟರಿ ಪರೀಕ್ಷೆ ಬಿಗಿ ಮಾಡಿತು. ಟೆಂಡರಿನಲ್ಲಿ ಬ್ಯಾಟರಿ ಯಾವ ಜಾತಿಯದು, 45 ಡಿಗ್ರಿಯಲ್ಲಿ ಎಷ್ಟು ಕೆಲಸ ಕೊಡುತ್ತದೆ ಅಂತ ಬರೆಯದೆ ಬರೀ "ಕಡಿಮೆ ದರ" ನೋಡಿದರೆ ಎರಡನೇ ಬೇಸಿಗೆಗೆ ಗೊತ್ತಾಗುತ್ತದೆ.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಟಿಸಿ, ಅಂದರೆ ಓಣಿಯ ಟ್ರಾನ್ಸ್‌ಫಾರ್ಮರ್. ಊರಲ್ಲಿ ಯಾರ ಮನೆಯಲ್ಲೇ ಕರೆಂಟ್ ಹೋಗಲಿ, ಮೊದಲ ಮಾತು "ಟಿಸಿ ಸುಟ್ಟೈತಂತ". ಲೆಕ್ಕಕ್ಕೆ 40 ಕಸದ ಗಾಡಿ ಅಂತ ಇಟ್ಟುಕೊಳ್ಳೋಣ. ಒಂದೊಂದು ಸಣ್ಣ ಚಾರ್ಜರ್ 3 ಕಿಲೋವ್ಯಾಟ್ ಮೇಲೆ ಎಳೆಯುತ್ತದೆ. ಎಲ್ಲವನ್ನೂ ಒಟ್ಟಿಗೆ ಚುಚ್ಚಿದರೆ 120-130 ಕಿಲೋವ್ಯಾಟ್. ಓಣಿಯ 100 ಕೆವಿಎ ಟಿಸಿ ಮೇಲೆ ಮನೆಗಳ ಲೋಡು ಮೊದಲೇ ಇರುತ್ತದೆ, ಅದರ ಮೇಲೆ ಇದನ್ನೂ ಹೇರಿದರೆ ಅವತ್ತೇ ರಾತ್ರಿ ಸುತ್ತಲಿನ ನಾಲ್ಕು ಓಣಿ ಕತ್ತಲು. ಜನ ಯಾರಿಗೆ ಬೈಯುತ್ತಾರೆ? ಎಲೆಕ್ಟ್ರಿಕ್ ಗಾಡಿಗೆ. ಅದೇ ಇಪ್ಪತ್ತು ಗಾಡಿಯನ್ನು ಮಧ್ಯಾಹ್ನ, ಇಪ್ಪತ್ತನ್ನು ರಾತ್ರಿ ಹನ್ನೊಂದರ ಮೇಲೆ ಹಾಕಿ. ಅರ್ಧ ಖಾಲಿಯಾದ ಬ್ಯಾಟರಿ ತುಂಬಲು ಮೂರ್ನಾಲ್ಕು ತಾಸು ಸಾಕು. ಸಂಜೆ ಆರರಿಂದ ಹತ್ತರ ತನಕ ಮಾತ್ರ ಕೈ ಹಚ್ಚಬೇಡಿ, ಆಗ ಇಡೀ ಊರು ದೀಪ, ಟಿವಿ, ಪಂಪು ಹಾಕಿರುತ್ತದೆ. ಹಾಗಂತ ಅಲ್ಲೊಬ್ಬ ಮನುಷ್ಯ ಬೇಕು, ಎಷ್ಟು ಹೊತ್ತಿಗೆ ಯಾವ ಗಾಡಿ ಅಂತ ನೋಡಿಕೊಳ್ಳಲು. ಟೈಮರ್ ಹಾಕಬಹುದು. ಆದರೂ ಮನುಷ್ಯ ಬೇಕು.

ನಮ್ಮ ಊರಿಗೆ ಇದು ಗೊತ್ತಿಲ್ಲದ ವಿದ್ಯೆ ಅಲ್ಲ ಅನ್ನುವುದೇ ನನಗೆ ಆಶ್ಚರ್ಯ. ಆದಿಲ್‌ಶಾಹಿ ಕಾಲದಲ್ಲಿ ತೊರವಿಯಿಂದ, ಬೇಗಂ ತಲಾಬ್‌ನಿಂದ ಊರೊಳಗೆ ನೀರು ಬರುತ್ತಿತ್ತು. ಎತ್ತರದಿಂದ ಬರುವ ನೀರಿನ ಜೋರಿಗೆ ಮಣ್ಣಿನ ಕೊಳವೆ ಒಡೆಯಬಾರದು ಅಂತ ದಾರಿಯಲ್ಲಿ ಅಲ್ಲಲ್ಲಿ ಗಂಜ್ ಅನ್ನುವ ನೀರಿನ ಗೋಪುರ ಕಟ್ಟಿದರು. ನೀರು ಗಂಜ್ ಹತ್ತುತ್ತದೆ, ಜೋರು ಮುರಿಯುತ್ತದೆ, ಕೆಸರು ಕೆಳಗೆ ಕೂರುತ್ತದೆ, ಅಲ್ಲಿಂದ ತಣ್ಣಗೆ ಮುಂದಕ್ಕೆ ಹೋಗುತ್ತದೆ. ಟಿಸಿ ಮಾಡುವುದು ಇದನ್ನೇ. 11 ಸಾವಿರ ವೋಲ್ಟ್ ಜೋರನ್ನು ಮುರಿದು ಮನೆಗೆ ತಕ್ಕಷ್ಟು ಮಾಡುತ್ತದೆ. ಅವರು ಮೊದಲು ಅರಮನೆಯ ಕಾರಂಜಿ ಕಟ್ಟಿ ಆಮೇಲೆ ನೀರು ಎಲ್ಲಿಂದ ತರೋಣ ಅಂತ ಕೂರಲಿಲ್ಲ. ಗಂಜ್‌ಗಳು ಇನ್ನೂ ಊರಲ್ಲಿ ನಿಂತಿವೆ, ಹೋಗಿ ನೋಡಬಹುದು.

ಬಸ್ಸಿನ ವಿಷಯ ಇನ್ನೂ ದೊಡ್ಡದು. ಪಿಎಂ ಇ-ಬಸ್ ಸೇವಾ ಅಂತ 2023ರ ಆಗಸ್ಟಿನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟ ಯೋಜನೆ ಇದೆ, 10,000 ಬಸ್ಸು, 3 ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರುಗಳಿಗೆ. 2011ರ ಜನಗಣತಿಯಲ್ಲೇ ನಮ್ಮ ಊರು 3 ಲಕ್ಷ 27 ಸಾವಿರ. ಹಾಗಾಗಿ ಲೆಕ್ಕಕ್ಕೆ ನಾವೂ ಬರುತ್ತೇವೆ. ಇದರಲ್ಲಿ ಬಸ್ಸು ಖಾಸಗಿಯವರದು, ಓಡಿದ ಪ್ರತಿ ಕಿಲೋಮೀಟರಿಗೆ ಇಷ್ಟು ಅಂತ ಅವರಿಗೆ ದುಡ್ಡು. ಹಾಗಾದರೆ ಈಗ ಇರುವ ಡ್ರೈವರ್‌ಗಳು, ಮೆಕ್ಯಾನಿಕ್‌ಗಳು ಏನು ಮಾಡಬೇಕು ಅಂತ ಡಿಪೋದಲ್ಲಿ ಕೇಳುತ್ತಿದ್ದಾರೆ, ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ಬೇರೆಯೇ ಪತ್ರ ಬೇಕು. ಖರ್ಚಿನ ಲೆಕ್ಕ ಮಾತ್ರ ಹೇಳುತ್ತೇನೆ. ಡೀಸೆಲ್ ಬಸ್ಸು ಲೀಟರಿಗೆ ನಾಲ್ಕೋ ಐದೋ ಕಿಲೋಮೀಟರ್ ಕೊಡುತ್ತದೆ. ದಿನಕ್ಕೆ 200 ಕಿಲೋಮೀಟರ್ ಓಡಿದರೆ 40ರಿಂದ 50 ಲೀಟರ್, ಲೀಟರಿಗೆ 90 ರೂಪಾಯಿ ಹಿಡಿದರೆ ನಾಲ್ಕು ಸಾವಿರದ ಆಸುಪಾಸು. ದೊಡ್ಡ ಎಲೆಕ್ಟ್ರಿಕ್ ಬಸ್ಸು ಕಿಲೋಮೀಟರಿಗೆ ಒಂದು ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ ತಿನ್ನುತ್ತದೆ. 240 ಯೂನಿಟ್ ಅನ್ನಿ, 7 ರೂಪಾಯಿಯಂತೆ 1,680. ಬಸ್ಸಿನ ಬೆಲೆ ಜಾಸ್ತಿ, ಒಪ್ಪುತ್ತೇನೆ. ಅದಕ್ಕೇ ಬಸ್ಸು ಸುಮ್ಮನೆ ನಿಲ್ಲಬಾರದು, ದಿನಾ ಓಡಬೇಕು, ಓಡಬೇಕು ಅಂದರೆ ದಿನಾ ತುಂಬಬೇಕು.

ತುಂಬುವುದು ಎಲ್ಲಿ? ಇಲ್ಲಿ ನಮ್ಮ ಊರಿನ ಒಂದು ಮಜಾ ಇದೆ. ಊರು ಕಿತ್ತೂರು ಕರ್ನಾಟಕದ್ದು. ಬಸ್ಸು ಮಾತ್ರ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ್ದು, ಅದರ ಕೇಂದ್ರ ಕಚೇರಿ ಕಲಬುರಗಿಯಲ್ಲಿ. ಕರೆಂಟು ಹೆಸ್ಕಾಂನದು, ಕಚೇರಿ ಹುಬ್ಬಳ್ಳಿಯಲ್ಲಿ. ರಸ್ತೆ, ಬೀದಿ, ಕಸ ನಮ್ಮ ಮಹಾನಗರ ಪಾಲಿಕೆಯದು. ಒಂದು ಬಸ್ಸು ಚಾರ್ಜ್ ಆಗಬೇಕಾದರೆ ಮೂರು ದಿಕ್ಕಿನ ಮೂರು ಸಹಿ. ನಾನು ಯಾರಿಗೂ ಬೈಯುತ್ತಿಲ್ಲ, ಇರುವ ವ್ಯವಸ್ಥೆ ಹೇಳಿದೆ. ಹತ್ತು ಬಸ್ಸಿಗೆ ಒಟ್ಟಿಗೆ ಫಾಸ್ಟ್ ಚಾರ್ಜರ್ ಹಾಕಿದರೆ ಅದು ಟಿಸಿಯ ಮಾತಲ್ಲ, 11 ಕೆವಿ ಲೈನೇ ಡಿಪೋ ಒಳಗೆ ಬರಬೇಕು, ಅದಕ್ಕೆ ಬೇರೆ ಫೀಡರ್, ಅಂದರೆ ಸಬ್‌ಸ್ಟೇಷನ್ನಿನಿಂದಲೇ ಬರುವ ಬೇರೆ ಲೈನು ಬೇಕು. ಇದು ಅರ್ಜಿ ಕೊಟ್ಟ ವಾರದಲ್ಲಿ ಆಗುವ ಕೆಲಸ ಅಲ್ಲ ಅಂತ ಒಂದು ಬೋರ್‌ವೆಲ್ಲಿಗೆ ಕನೆಕ್ಷನ್ ತಗೊಂಡ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಹಾಗಾಗಿ ಬಸ್ಸಿಗೆ ಆರ್ಡರ್ ಹೋಗುವ ಮುಂಚೆ ಈ ಮೂರೂ ಕಡೆಯವರು ಒಂದು ದಿನ ಡಿಪೋದಲ್ಲೇ ಕೂತು, ಎಸಿ ರೂಮಿನಲ್ಲಲ್ಲ ಡಿಪೋದಲ್ಲೇ, ಚಾರ್ಜರ್ ಇಲ್ಲಿ, ಕಂಬ ಅಲ್ಲಿ, ಬಸ್ಸು ತಿರುಗಿಸಲು ಇಷ್ಟು ಜಾಗ ಅಂತ ಸುಣ್ಣದಲ್ಲಿ ಗೆರೆ ಹಾಕಿ ಬಿಡಲಿ. ಚೀನಾದ ಶೆನ್ಜೆನ್ ಊರಿನವರು 2017ರ ಹೊತ್ತಿಗೆ ಹದಿನಾರು ಸಾವಿರಕ್ಕಿಂತ ಜಾಸ್ತಿ ಬಸ್ಸುಗಳನ್ನು ಪೂರ್ತಿ ಎಲೆಕ್ಟ್ರಿಕ್ ಮಾಡಿದರು. ಅಷ್ಟು ದೂರ ಯಾಕೆ, ಪಕ್ಕದ ಪುಣೆಯಲ್ಲಿ 2019ರಿಂದ ಎಲೆಕ್ಟ್ರಿಕ್ ಸಿಟಿ ಬಸ್ಸು ಓಡುತ್ತಿವೆ, ಬೆಂಗಳೂರಿನಲ್ಲಿ 2021ರ ಕೊನೆಯಿಂದ. ಹೋಗುವವರು ಬಸ್ಸು ನೋಡಿ ಬರಬೇಡಿ. ರಾತ್ರಿ ಹನ್ನೆರಡಕ್ಕೆ ಡಿಪೋ ನೋಡಿ ಬನ್ನಿ.

ಕೆಲವರು ಕೇಳುತ್ತಾರೆ, ಕರೆಂಟು ಎಲ್ಲಿಂದ ಬರುತ್ತದೆ, ಕೂಡಗಿಯಲ್ಲಿ ಕಲ್ಲಿದ್ದಲು ಸುಟ್ಟಲ್ವಾ ಅಂತ. ಸರಿಯಾದ ಪ್ರಶ್ನೆ. ನಮ್ಮ ಜಿಲ್ಲೆಯಲ್ಲೇ 2,400 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಇದೆ. ಗಾಂಧಿ ಚೌಕದ ಹೊಗೆ ಕೂಡಗಿಗೆ ಹೋದರೆ ಅದು ಹೋದ ಹಾಗಲ್ಲ, ಜಾಗ ಬದಲಿಸಿದ ಹಾಗೆ. ಆದರೆ ನಮ್ಮಲ್ಲೇ ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ನೀರಿನ ಕರೆಂಟು ಇದೆ, ಆಷಾಢದ ಗಾಳಿಗೆ ತಿರುಗುವ ಫ್ಯಾನುಗಳು ಹೊಲದ ಮಧ್ಯೆ ಎಲ್ಲಿ ನೋಡಿದರೂ ಕಾಣುತ್ತವೆ, ಬಿಸಿಲಂತೂ ಹೇಳಿಯಾಯಿತು. ಡೀಸೆಲ್ ಎಂಜಿನ್ ಏನು ಮಾಡಿದರೂ ಡೀಸೆಲ್ಲನ್ನೇ ಕುಡಿಯುತ್ತದೆ. ಮೋಟಾರಿಗೆ ಕರೆಂಟು ಯಾವುದಾದರೇನು, ನಾವು ಒಳ್ಳೇದನ್ನು ಕೊಟ್ಟರೆ ಒಳ್ಳೇದನ್ನೇ ತಿನ್ನುತ್ತದೆ. ಅದಕ್ಕೇ ಆ ಸೋಲಾರ್ ಶೆಡ್ಡಿನ ಮಾತು ಮತ್ತೆ ಮತ್ತೆ ಹೇಳುವುದು.

ರಿಪೇರಿ ಬಗ್ಗೆ ಒಂದೆರಡು ಮಾತು, ಇದು ನನ್ನ ಹೊಟ್ಟೆಪಾಡಿನ ಮಾತೂ ಹೌದು. ಅಳಿಯನ ಆಟೋದಲ್ಲಿ ಮೋಟಾರಿಗೆ ಕರೆಂಟು ಹದವಾಗಿ ಬಿಡುವ ಕಂಟ್ರೋಲರ್ ಕೆಟ್ಟಾಗ ಹನ್ನೆರಡು ದಿನ ಗಾಡಿ ನಿಂತಿತ್ತು. ಪಾರ್ಟು ಬೇರೆ ಊರಿಂದ ಬರಬೇಕು, ಬಿಚ್ಚುವವನೂ ಬೇರೆ ಊರಿಂದ ಬರಬೇಕು. ಅಷ್ಟು ದಿನ ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. ನಾನು ಮೋಟಾರ್ ಸುತ್ತಬಲ್ಲೆ, ಆ ಕಂಟ್ರೋಲರ್ ಪೆಟ್ಟಿಗೆ ನನಗೆ ಬರುವುದಿಲ್ಲ, ಒಳಗೆ ಎಲ್ಲ ಅಂಟು ಸುರಿದು ಮುಚ್ಚಿರುತ್ತಾರೆ. ಕಸದ ಗಾಡಿ ಹನ್ನೆರಡು ದಿನ ನಿಂತರೆ ವಾರ್ಡಿನಲ್ಲಿ ಮೂಗು ಬಿಡುವ ಹಾಗಿರುವುದಿಲ್ಲ. ನೂರು ಗಾಡಿ ತಂದರೆ ಇಷ್ಟು ಕಂಟ್ರೋಲರ್, ಇಷ್ಟು ಚಾರ್ಜರ್ ಇಲ್ಲೇ ಊರಲ್ಲಿ ಇಡಬೇಕು, ಕೆಟ್ಟರೆ ಇಷ್ಟು ತಾಸಿನಲ್ಲಿ ಬರಬೇಕು, ಬ್ಯಾಟರಿಗೆ ಎಂಟು ವರ್ಷ ವಾರಂಟಿ, ಅದು ಮುಗಿದ ಮೇಲೆ ವಾಪಸ್ ಒಯ್ಯುವುದೂ ಅವರದೇ ಜವಾಬ್ದಾರಿ ಅಂತ ಕರಾರಿನಲ್ಲೇ ಬರೆಸಿ. ಹಳೇ ಬ್ಯಾಟರಿ ತಯಾರಿಸಿದವರೇ ವಾಪಸ್ ತಗೋಬೇಕು ಅಂತ 2022ರ ನಿಯಮವೂ ಇದೆ. ನಮ್ಮ ಐಟಿಐ ಹುಡುಗರಿಗೆ ಈಗಿಂದಲೇ ಈ ಕೆಲಸ ಕಲಿಸಿ. ನನ್ನ ಅಂಗಡಿಯಲ್ಲಿ ಇಬ್ಬರು ಇದ್ದಾರೆ, ನಾಳೆ ಕರೆದರೆ ನಾಳೆಯೇ ಕಳಿಸುತ್ತೇನೆ.

ದುಡ್ಡೆಲ್ಲಿದೆ ಅಂದರೆ, ಹಳೇ ಗಾಡಿ ಹೇಗೂ ಬದಲಿಸಲೇಬೇಕು. 15 ವರ್ಷ ದಾಟಿದ ಸರಕಾರಿ ಗಾಡಿಗಳ ನೋಂದಣಿ ನವೀಕರಣ ಇಲ್ಲ ಅಂತ 2023ರ ಏಪ್ರಿಲ್ 1ರಿಂದ ನಿಯಮ ಬಂದಿದೆ. ಒಂದೊಂದೇ ಗುಜರಿಗೆ ಹೋಗುತ್ತವೆ. ಅವುಗಳ ಜಾಗಕ್ಕೆ ಮತ್ತೆ ಡೀಸೆಲ್ ಗಾಡಿ ತಂದರೆ ಇನ್ನು 15 ವರ್ಷ ಅದನ್ನೇ ಕಟ್ಟಿಕೊಂಡಿರಬೇಕು.

ನಮ್ಮ ಅಜ್ಜ ಸ್ಟೇಷನ್ ಹತ್ತಿರ ಟಾಂಗಾ ಹೊಡೆಯುತ್ತಿದ್ದ. ರೈಲಿಗೆ ಬಂದವರನ್ನು ಗೋಲಗುಮ್ಮಟ, ಇಬ್ರಾಹಿಂ ರೋಜಾ, ಬಾರಾಕಮಾನ್ ತೋರಿಸಿಕೊಂಡು ಬರುವುದು. ಮನೆಯಲ್ಲಿ ನಮಗಿಂತ ಮೊದಲು ಕುದುರೆಗೆ ಜಾಗ. ಲಾಯದಲ್ಲಿ ಗಾಳಿ ಆಡುತ್ತದಾ, ಹುಲ್ಲು ಎಷ್ಟು ದಿನಕ್ಕಿದೆ, ನೀರಿನ ತೊಟ್ಟಿ ತುಂಬಿದೆಯಾ ಅಂತ ರಾತ್ರಿ ಕಂದೀಲು ಹಿಡಿದು ನೋಡಿಯೇ ಮಲಗುತ್ತಿದ್ದ. ಹೊಸ ಕುದುರೆ ತಂದರೆ ಊರವರು ಹಲ್ಲು ನೋಡುತ್ತಿದ್ದರಂತೆ, ಅಜ್ಜಿ ಮಾತ್ರ "ಕಟ್ಟೂದು ಎಲ್ಲಿ?" ಅಂತ ಕೇಳುತ್ತಿದ್ದಳಂತೆ. ಪಾಲಿಕೆಯ ಸಭೆಯಲ್ಲಿ ಅಂಥ ಅಜ್ಜಿ ಒಬ್ಬರು ಬೇಕು.

ಅಳಿಯನಂಥವರಿಗೂ ಒಂದು ಕೇಳಿಕೆ ಇದೆ. ದೊಡ್ಡದೇನಲ್ಲ. ಆಟೋ ಸ್ಟ್ಯಾಂಡುಗಳಲ್ಲಿ, ಎಲ್‌ಬಿಎಸ್ ಮಾರ್ಕೆಟ್ ಹತ್ತಿರ, ಸೆಂಟ್ರಲ್ ಬಸ್ ಸ್ಟ್ಯಾಂಡ್ ಹತ್ತಿರ, ಮನಗೂಳಿ ಅಗಸಿ ಕಡೆ, ಒಂದೊಂದು ಕಡೆ ಹತ್ತು 15 ಆಂಪ್ ಸಾಕೆಟ್ಟು, ಮೇಲೆ ಮಳೆ ಬೀಳದ ಹಾಗೆ ಒಂದು ಮಾಡು, ಸಬ್ ಮೀಟರು, ಅರ್ಥಿಂಗ್ ಸರಿಯಾಗಿ ಮಾಡಿದ್ದು. ರಾತ್ರಿ ಕಾಯಲು ಒಬ್ಬ. ದುಡ್ಡು ಫೋನ್‌ಪೇ ಮಾಡುತ್ತಾರೆ, ನಗದೂ ಕೊಡುತ್ತಾರೆ, ಆ್ಯಪು ಓಟಿಪಿ ಏನೂ ಬೇಡ. ಯಾರೂ ಪುಕ್ಕಟೆ ಕೇಳುತ್ತಿಲ್ಲ. ಎಲೆಕ್ಟ್ರಿಕ್ ಗಾಡಿ ಚಾರ್ಜ್ ಮಾಡುವುದಕ್ಕೆ ವಿದ್ಯುತ್ ದರಪಟ್ಟಿಯಲ್ಲಿ ಬೇರೆ ದರವೇ ಇದೆ, ಆ ದರದ ಮೇಲೆ ಕಾವಲಿನವನ ಸಂಬಳ ಹಾಕಿದರೂ ಮನೆಯ ಜಗಳಕ್ಕಿಂತ ಅಗ್ಗ. ಎಲ್ಲ ಸೇರಿ ಒಂದು ಫಾಸ್ಟ್ ಚಾರ್ಜರ್ ಬೆಲೆಯಲ್ಲಿ ಇಂಥವು ಎಷ್ಟೋ ಆಗುತ್ತವೆ. ನನ್ನ ಕಡೆಯಿಂದ ಮೊದಲ ಸ್ಟ್ಯಾಂಡಿನ ವೈರಿಂಗ್ ಕೂಲಿ ಬೇಡ, ಸಾಮಾನು ಕೊಡಿಸಿದರೆ ಸಾಕು.

ಇನ್ನೂ ಬರೆಯುವವನಿದ್ದೆ. ಈಗ ಅಳಿಯನ ಫೋನ್ ಬಂತು. ಮಳೆ ಹನಿಯುತ್ತಿದೆಯಂತೆ, ಕರೆಂಟ್ ಹೋಗಿದೆಯಂತೆ, ಗಾಡಿಯ ಚಾರ್ಜು ನೂರಕ್ಕೆ 35ರಲ್ಲೇ ನಿಂತಿದೆ. ಬೆಳಿಗ್ಗೆ ಏಳಕ್ಕೆ ಶಾಲೆ ಮಕ್ಕಳನ್ನು ಬಿಡಬೇಕು. "ಮಾಮಾ, ನಿಮ್ಮ ಅಂಗಡಿ ಕಡೆ ಕರೆಂಟ್ ಐತೇನ್ರಿ?" ಅಂತ ಕೇಳಿದ. ಇದೆ. ಶಟರ್ ತೆಗೆಯಲು ಹೊರಟಿದ್ದೇನೆ.

ಇಂತಿ,
ಮೋಟಾರ್ ವೈಂಡಿಂಗ್ ಮಾಡುವ ನಿಮ್ಮ ಓದುಗ,
ವಿಜಯಪುರ